ಸಂತೇಲಿ ತಂದ 120 ರೂಪಾಯಿ ಚಾರ್ಜರ್ ರಾತ್ರಿಯೆಲ್ಲಾ ಹಾಕಿಡಬಹುದಾ?

ಪ್ರಶ್ನೆ: ನಮ್ದು ಚನ್ನಗಿರಿ ಕಡೆ ಅಡಿಕೆ ತೋಟ. ರಾತ್ರಿ ತ್ರೀ ಫೇಸ್ ಬಂದಾಗ ಮೋಟ್ರು ಹಾಕೋಕೆ ಹೋಗ್ಲೇಬೇಕು, ಹಾವಿನ ಭಯ ಬೇರೆ, ಅದಕ್ಕೆ ಹಣೆಗೆ ಕಟ್ಕೊಳೋ ಹೆಡ್‌ಲೈಟ್ ತಗೊಂಡಿದೀನಿ. ಅದಕ್ಕೆ ಎರಡು ಲಿಥಿಯಂ ಸೆಲ್, ಮೇಲೆ 18650, 9900 ಎಂಎಎಚ್ ಅಂತ ಬರೆದಿದೆ. ಚಾರ್ಜರ್ ಸಂತೇಲಿ 120 ರೂಪಾಯಿಗೆ ಸಿಕ್ತು, ಗೋಡೆ ಪ್ಲಗ್ಗಿಗೆ ನೇರ ಚುಚ್ಚೋದು. ಜೋರಾಗಿ ಬಿಸಿ ಆಗುತ್ತೆ. ಹಸಿರು ಲೈಟು ಒಂದೊಂದ್ಸಲ ಸೆಲ್ ಹಾಕಿದ ತಕ್ಷಣ ಬರುತ್ತೆ, ಒಂದೊಂದ್ಸಲ ಬೆಳಗಾದ್ರೂ ಬರಲ್ಲ. ಮೊನ್ನೆ ಮಗ ಸೆಲ್ ತೆಗೆಯೋಕೆ ಹೋದಾಗ ಕೈ ಜುಮ್ ಅಂತು ಅಂದ. ರಾತ್ರಿಯೆಲ್ಲಾ ಹಾಕಿಡಬಹುದಾ? ನಮ್ಮ ಭಜನಾ ಮಂಡಳಿಯ ಕಾರ್ಡ್‌ಲೆಸ್ ಮೈಕಿನ ಪೆನ್ಸಿಲ್ ಸೆಲ್ಲಿಗೂ ಇಂಥದೇ ಒಂದು ಚಾರ್ಜರ್ ಇದೆ, ಅದೂ ಹಿಂಗೇನಾ?

ಉತ್ತರ: ಮೊದಲು ಸೀದಾ ಉತ್ತರ ಹೇಳ್ಬಿಡ್ತೀನಿ, ಕಾರಣ ಆಮೇಲೆ. ರಾತ್ರಿ ಬಿಡಿ, ಹಗಲಲ್ಲಿ ಎದುರಿಗೆ ಕೂತ್ಕೊಂಡೂ ಆ ಚಾರ್ಜರ್ ಹಾಕ್ಬೇಡಿ. ಬರೀ ಬಿಸಿ ಆಗೋದು, ಲೈಟು ತನಗೆ ಬಂದಂಗೆ ಆಡೋದು ಇಷ್ಟೇ ಆಗಿದ್ರೆ ಇನ್ನೂ ನಾಲ್ಕು ಮಾತಾಡಬಹುದಿತ್ತು, ಆದ್ರೆ ಮಗನ ಕೈ ಜುಮ್ ಅಂದಿದೆ ಅಂದ್ಮೇಲೆ ಅದನ್ನ ಇವತ್ತೇ ಪ್ಲಗ್ಗಿಂದ ಕಿತ್ತಿಡಿ, ಸ್ವಿಚ್ ಆಫ್ ಮಾಡಿ ಆಮೇಲೆ ಕೀಳಿ.

ಚಾರ್ಜರ್ ಅಂದ್ರೆ ಕರೆಂಟ್ ಕೊಡೋ ಡಬ್ಬಿ ಅಂತ ನಾವೆಲ್ಲಾ ಅನ್ಕೊಂಡಿರ್ತೀವಿ. ಕೊಡೋದೇನೂ ದೊಡ್ಡ ಕೆಲಸ ಅಲ್ಲ ಸ್ವಾಮಿ, ಎರಡು ವೈರು ಸೇರಿಸಿದ್ರೆ ಕರೆಂಟ್ ಹರಿಯುತ್ತೆ. ಕಷ್ಟ ಇರೋದು ತಡೆಯೋದ್ರಲ್ಲಿ. ಗೋಡೆಯ 230 ವೋಲ್ಟು ನಿಮ್ಮ ಕೈಗೆ ಸಿಗೋ ಕಡೆ ದಾಟದಂಗೆ ತಡೀಬೇಕು, ಸೆಲ್ ತುಂಬಿದ ಮೇಲೆ ಒಳಗೆ ಇನ್ನೊಂದು ಚೂರೂ ಹೋಗದಂಗೆ ತಡೀಬೇಕು. ಒಂದು ಚಾರ್ಜರಲ್ಲಿ ದುಡ್ಡು ತಗೊಳೋ ಭಾಗ ಇವೆರಡೇ. 120 ರೂಪಾಯಿಗೆ ಅಂಗಡಿಯವನ ಲಾಭ, ಹೋಲ್‌ಸೇಲ್‌ನವನ ಲಾಭ, ಲಾರಿ ಬಾಡಿಗೆ ಎಲ್ಲಾ ಕಳೆದು ಒಳಗಿನ ಸಾಮಾನಿಗೆ ಎಷ್ಟು ಉಳಿದಿರುತ್ತೆ ನೀವೇ ಲೆಕ್ಕ ಹಾಕಿ, ತಯಾರಿಸಿದವ್ರು ಕೈ ಬಿಟ್ಟಿರೋದು ಇವೇ ಎರಡನ್ನ.

ಹೋದ ಮಳೆಗಾಲದಲ್ಲಿ ಒಬ್ರು ನನ್ನ ರಿಪೇರಿ ಬೆಂಚಿಗೆ ಹಿಂಗೇ ಎರಡು ಚಾರ್ಜರ್ ತಂದ್ರು, ಒಟ್ಟಿಗೆ ತಗೊಂಡಿದ್ದಂತೆ, ಒಂದರಲ್ಲಿ ಸೆಲ್ ಕೂರೋ ಜಾಗದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಜಗ್ಗಿತ್ತು. ರಿಪೇರಿ ಆಗುತ್ತಾ ಅಂತ ಕೇಳೋಕೆ ಬಂದಿದ್ರು. ಬಿಚ್ಚೋಕೆ ಸ್ಕ್ರೂ ಹುಡುಕ್ತೀನಿ, ಸ್ಕ್ರೂನೇ ಇಲ್ಲ. ಉಗುರು ಹಾಕಿ ಎಳೆದೆ, ಬೇಯಿಸಿದ ಕಡ್ಲೆಕಾಯಿ ಬಿಟ್ಕೊಂಡಂಗೆ ಎರಡು ಹೋಳಾಯ್ತು. ಒಳಗಡೆ ಫ್ಯೂಸ್ ಇಲ್ಲ. 13001 ಅನ್ನೋ ಮೂರು ಕಾಲಿನ ಪುಟ್ಟ ಟ್ರಾನ್ಸಿಸ್ಟರ್ ಒಂದು, ಕಡ್ಲೆಬೀಜ ಗಾತ್ರದ ಟ್ರಾನ್ಸ್‌ಫಾರ್ಮರ್ ಒಂದು, 400 ವೋಲ್ಟ್ ಅಂತ ಬರೆದಿರೋ ಸಣ್ಣ ಕೆಪಾಸಿಟರ್ (ಕಂಡೆನ್ಸರ್ ಅಂತೀವಲ್ಲ, ಅದೇ) ಒಂದು, ಬೆರಳೆಣಿಕೆಯಷ್ಟು ರೆಸಿಸ್ಟರು. ಮುಗೀತು. ಬೋರ್ಡ್ ತಿರುಗಿಸಿ ನೋಡಿದ್ರೆ 230 ವೋಲ್ಟ್ ಓಡಾಡೋ ತಾಮ್ರದ ಪಟ್ಟಿಗೂ ಸೆಲ್ಲಿಗೆ ಹೋಗೋ ಪಟ್ಟಿಗೂ ನಡುವೆ ಒಂದು ಅಕ್ಕಿಕಾಳಿನ ದಪ್ಪದಷ್ಟು ಜಾಗ. ಒಳ್ಳೆ ಚಾರ್ಜರಲ್ಲಿ ಅದೇ ಜಾಗ 6 ಮಿಲಿಮೀಟರ್ ಸುಮಾರು ಇರುತ್ತೆ, ಬರೀ ಇರುತ್ತೆ ಅಲ್ಲ, ಎಷ್ಟೋ ಸಲ ಮಧ್ಯ ಬೋರ್ಡನ್ನೇ ಉದ್ದಕ್ಕೆ ಸೀಳಿ ಕಾಲುವೆ ಥರ ಬಿಟ್ಟಿರ್ತಾರೆ, ತೇವ ಧೂಳು ಕೂತ್ರೂ ಆ ಕಡೆಯಿಂದ ಈ ಕಡೆ ದಾಟಬಾರ್ದು ಅಂತ. ಇದರಲ್ಲಿ ಆ ಅಕ್ಕಿಕಾಳಿನ ಸಂದಿಯಲ್ಲಿ ಮೂರು ಇರುವೆ ಸತ್ತು ಬಿದ್ದಿದ್ವು. ಬಿಸಿ ಇರೋ ಕಡೆ ಇರುವೆ ಸೇರೋದು ನಿಮಗೆ ಗೊತ್ತೇ ಇದೆ, ಸ್ಟಾರ್ಟರ್ ಬಾಕ್ಸ್ ಒಳಗೆ ದಿನಾ ನೋಡ್ತೀರಿ. ಮಳೆಗಾಲದ ತೇವಕ್ಕೆ ಆ ಇರುವೆಯೇ ಸೇತುವೆ, ಅದರ ಮೇಲೆ ನಡ್ಕೊಂಡು 230 ವೋಲ್ಟ್ ಸೀದಾ ಸೆಲ್ಲಿನ ತುದಿಗೆ ಬರುತ್ತೆ.

ಇನ್ನು ಆ ಜುಮ್. ಇದರಲ್ಲಿ ಎರಡು ಜಾತಿ ಇದೆ, ಗೊಂದಲ ಆಗೋದೇ ಇಲ್ಲಿ. ಒಳ್ಳೆ ಕಂಪನಿಯ ಎರಡು ಪಿನ್ನಿನ ಚಾರ್ಜರ್ ಹಾಕಿದಾಗಲೂ ಲೋಹದ ಬಾಡಿಯ ಲ್ಯಾಪ್‌ಟಾಪ್ ಮೇಲೆ ಕೈ ಸವರಿದ್ರೆ ಸಣ್ಣಗೆ ಜುಮುಜುಮು ಅನ್ನುತ್ತೆ, ಅದು ವೈ ಕೆಪಾಸಿಟರ್ ಅನ್ನೋ ಪಾರ್ಟ್‌ನಿಂದ ಬರೋದು, ರೇಡಿಯೋ ಗಲಾಟೆ ಕಮ್ಮಿ ಮಾಡೋಕೆ ಅಂತ 230 ಕಡೆಗೂ ಈ ಕಡೆಗೂ ಮಧ್ಯ ಬೇಕಂತಲೇ ಹಾಕಿರ್ತಾರೆ, ಅದರಲ್ಲಿ ಸೋರೋ ಕರೆಂಟ್ ಒಂದು ಮಿಲಿ ಆಂಪಿಯರ್‌ಗಿಂತ ಎಷ್ಟೋ ಕಮ್ಮಿ, ಜೀವಕ್ಕೆ ತೊಂದರೆ ಇಲ್ಲ. ಅಸಲಿ ವೈ ಕೆಪಾಸಿಟರ್‌ನ ಸಿಡಿದ್ರೂ ಶಾರ್ಟ್ ಆಗದಂಗೆ ಮಾಡಿರ್ತಾರೆ. ಅಗ್ಗದ ಚಾರ್ಜರಲ್ಲಿ ಅದೇ ಜಾಗಕ್ಕೆ ಮಾಮೂಲಿ ನೀಲಿ ಬಿಲ್ಲೆ ಕೆಪಾಸಿಟರ್ ಕೂರಿಸಿರ್ತಾರೆ, ನೋಡೋಕೆ ಅಣ್ತಮ್ಮಂದಿರ ಥರ ಇರುತ್ತೆ, ಆದ್ರೆ ಇದು ಕೆಟ್ಟಾಗ ಶಾರ್ಟ್ ಆಗುತ್ತೆ. ಆಗ ಜುಮ್ ಅಲ್ಲ, ಹಿಡ್ಕೊಂಡೇ ಬಿಡುತ್ತೆ. ನಿಮ್ಮ ಮಗನಿಗೆ ಆಗಿದ್ದು ಯಾವ ಜಾತಿದು ಅಂತ ಹೊರಗಿಂದ ಯಾರೂ ಹೇಳೋಕಾಗಲ್ಲ. ಟೆಸ್ಟರ್ ಇಟ್ಟು ನೋಡ್ತೀನಿ ಅಂತೀರಾ? ಟೆಸ್ಟರಿನ ನಿಯಾನ್ ದೀಪ ಎರಡಕ್ಕೂ ಉರಿಯುತ್ತೆ, ಅದರಿಂದ ಏನೂ ತಿಳಿಯಲ್ಲ. ಅದಕ್ಕೇ ಕೆಟ್ಟದ್ದೇ ಅಂತ ಅನ್ಕೊಂಡು ಪಕ್ಕಕ್ಕಿಡಿ.

ಟ್ರಾನ್ಸ್‌ಫಾರ್ಮರೇ ಇಲ್ಲದ ಇನ್ನೊಂದು ಜಾತಿ ಇದೆ, ಅದು ನಿಮ್ಮನೇಲೂ ಖಂಡಿತ ಇರುತ್ತೆ. ಸೊಳ್ಳೆ ಬ್ಯಾಟು. ಹಿಡಿಯಿಂದ ಪಿನ್ ಹೊರಗೆ ತಳ್ಳಿ ಗೋಡೆಗೆ ಚುಚ್ತೀವಲ್ಲ, ಅದು. ಅಗ್ಗದ ರೀಚಾರ್ಜ್ ಟಾರ್ಚುಗಳೂ ಬಹಳಷ್ಟು ಇದೇ ಲೆಕ್ಕ. ನಿಮಗೆ ಪಂಪ್‌ಸೆಟ್ ಕಂಡೆನ್ಸರ್ ಗೊತ್ತು, ಅಂಥದೇ ಒಂದು ಬೆರಳ ತುದಿ ಗಾತ್ರದ ಕಂಡೆನ್ಸರ್, ಮೇಲೆ 105 ಜೆ 400 ವೋಲ್ಟ್ ಅಂತ ಇರುತ್ತೆ, ಅಂದ್ರೆ 1 ಮೈಕ್ರೋಫ್ಯಾರಡ್, ಅದನ್ನ 230 ವೋಲ್ಟಿಗೆ ಸಾಲಾಗಿ ಹಾಕಿದ್ರೆ 50 ಹರ್ಟ್ಜ್‌ನಲ್ಲಿ ಸುಮಾರು 70 ಮಿಲಿ ಆಂಪಿಯರ್ ಬಿಡುತ್ತೆ. ಅದನ್ನ ನಾಲ್ಕು ಡಯೋಡ್ ದಾಟಿಸಿ ಸೀದಾ ಬ್ಯಾಟ್ರಿಗೆ. ಬುದ್ಧಿವಂತಿಕೆ ಕೆಲಸ, ಬಲು ಸೋವಿ, ನಾನೇನೂ ಬೈಯಲ್ಲ, ಯಾಕಂದ್ರೆ ಬ್ಯಾಟಿನಲ್ಲಿ ಬ್ಯಾಟ್ರಿ ಪ್ಲಾಸ್ಟಿಕ್ ಒಳಗೆ ಮುಚ್ಚಿರುತ್ತೆ, ಕೈಗೆ ಸಿಗಲ್ಲ. ಆದ್ರೆ ಪ್ಲಗ್ಗಲ್ಲಿ ಇರೋವಾಗ ಆ ಬ್ಯಾಟ್ರಿ, ಆ ಜಾಲರಿ, ಒಳಗಿನ ಪ್ರತಿ ತಂತಿಯೂ ಲೈನಿಗೆ ಸೇರಿದ್ದು ಅಂತಲೇ ಲೆಕ್ಕ, ಚಾರ್ಜಿಗೆ ಹಾಕ್ಕೊಂಡೇ ಬಟನ್ ಒತ್ತಿ ಸೊಳ್ಳೆ ಹೊಡೆಯೋ ಮಹಾನುಭಾವರನ್ನ ನಾನು ನೋಡಿದೀನಿ. ಇದೇ ಸರ್ಕ್ಯೂಟನ್ನ ಸೆಲ್ ತೆಗೆದು ಹಾಕೋ ಚಾರ್ಜರಿಗೆ ಇಟ್ರೆ? ಸೆಲ್ಲಿನ ತುದಿ ತೆರೆದೇ ಇರುತ್ತೆ, ಮಗ ಬೆರಳು ಇಡೋದು ಅಲ್ಲೇ. ಪೆನ್ಸಿಲ್ ಸೆಲ್ ಚಾರ್ಜರುಗಳಲ್ಲಿ ಈ ಕಂಡೆನ್ಸರ್ ಕಸುಬು ನಾನು ಬೇಕಾದಷ್ಟು ನೋಡಿದೀನಿ, ಮಂಡಳಿ ಚಾರ್ಜರ್ ತೂಕ ಇಲ್ಲದೆ ಖಾಲಿ ಬೆಂಕಿಪೊಟ್ಟಣ ಥರ ಇದ್ರೆ ಅದೇ ಇರಬಹುದು.

ಇದು ನಮ್ಮ ಸಂತೇಲಿ ಮಾತ್ರ ಆಗೋ ಮೋಸ ಅಂತ ಅನ್ಕೋಬೇಡಿ. 2016ರಲ್ಲಿ ಅಮೆರಿಕದ ಯುಎಲ್ ಅನ್ನೋ ಪರೀಕ್ಷಾ ಸಂಸ್ಥೆ ಐಫೋನಿನ 400 ನಕಲಿ ಅಡಾಪ್ಟರ್ ತಗೊಂಡು ಪರೀಕ್ಷೆ ಮಾಡ್ತು, ನೂರಕ್ಕೆ 99ಕ್ಕಿಂತ ಹೆಚ್ಚು ಫೇಲು. ಅದೂ ಅಸಲಿಯ ಥರ ಕಾಣೋಕೆ ಕಷ್ಟಪಟ್ಟು ಮಾಡಿದ ನಕಲಿಗಳು. ನಿಮ್ಮ ಚಾರ್ಜರ್ ಯಾವುದರ ನಕಲಿಯೂ ಅಲ್ಲ, ಅದಕ್ಕೆ ಹೆಸರೇ ಇಲ್ಲ.

ಈಗ ಎರಡನೇ ತಡೆ, ಸೆಲ್ ತುಂಬಿದ ಮೇಲೆ ನಿಲ್ಲಿಸೋದು. ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಹೆಚ್ಚುಕಮ್ಮಿಗೆ ಇರೋ ರಿಯಾಯಿತಿ 0.05 ವೋಲ್ಟ್, ಅಷ್ಟೇ. ಸರಿಯಾದ ಚಾರ್ಜರ್ ಮೊದಲು ಒಂದೇ ಸಮ ಕರೆಂಟ್ ಕೊಡುತ್ತೆ, 4.2 ಮುಟ್ಟಿದ ಮೇಲೆ ವೋಲ್ಟೇಜನ್ನ ಅಲ್ಲೇ ಗಟ್ಟಿಯಾಗಿ ಹಿಡ್ಕೊಳುತ್ತೆ, ಕರೆಂಟು ತಾನಾಗೇ ಇಳೀತಾ ಇಳೀತಾ ಶುರುವಲ್ಲಿ ಇದ್ದಿದ್ದರ ಹತ್ತನೇ ಒಂದು ಪಾಲಿಗೆ ಬಂದಾಗ ಪೂರ್ತಿ ಕಟ್ ಮಾಡುತ್ತೆ. ಟ್ಯಾಂಕ್ ಕತ್ತಿನ ತನಕ ಬಂದಾಗ ನೀವು ಗೇಟ್‌ವಾಲ್ವ್ ತಿರುಗಿಸಿ ನೀರು ಸಣ್ಣ ಮಾಡ್ಕೊಂಡು ಕೊನೆಗೆ ನಿಲ್ಲಿಸ್ತೀರಲ್ಲ, ಹಂಗೆ. ಟ್ಯಾಂಕ್ ತುಂಬಿ ಹರಿದ್ರೆ ತೋಟಕ್ಕೆ ನೀರಾಯ್ತು ಬಿಡಿ, ಸೆಲ್ಲಿಗೆ ಹರಿಯೋಕೆ ಜಾಗ ಇಲ್ಲ. 4.2 ದಾಟಿ ತುಂಬ್ತಾ ಹೋದ್ರೆ ಒಳಗಡೆ ಕಾರ್ಬನ್ ಪದರದೊಳಗೆ ಕೂರಬೇಕಾದ ಲಿಥಿಯಂ ಕೂರೋಕೆ ಜಾಗ ಇಲ್ದೆ ಅದರ ಮೇಲೆ ಲೋಹವಾಗಿ ಮುಳ್ಳುಮುಳ್ಳಾಗಿ ಬೆಳೆಯೋಕೆ ಶುರುವಾಗುತ್ತೆ, ಆ ಕಡೆ ಪಾಸಿಟಿವ್ ಭಾಗ ಆಕ್ಸಿಜನ್ ಬಿಡುತ್ತೆ, ಮಧ್ಯದಲ್ಲಿರೋ ದ್ರವ ಬೆಂಕಿ ಹತ್ತೋ ಜಾತಿದು, ಎರಡೂ ಕಡೆ ಮುಟ್ಟದಂಗೆ ತಡೆಯೋ ಪ್ಲಾಸ್ಟಿಕ್ ಪೊರೆ ಕೂದಲಿಗಿಂತ ತೆಳು, 130 ಡಿಗ್ರಿ ಆಸುಪಾಸಲ್ಲಿ ಕರಗಿಹೋಗುತ್ತೆ. ಅದು ಕರಗಿದ್ರೆ ಒಳಗೇ ಶಾರ್ಟ್, ಆಮೇಲೆ ನೀವು ಪ್ಲಗ್ ಕಿತ್ರೂ ಅದು ನಿಲ್ಲಲ್ಲ, ಬಿಸಿ ತನ್ನನ್ನೇ ತಾನು ಬೆಳೆಸ್ಕೊಂಡು ಹೋಗುತ್ತೆ.

ಆ ಕರಗಿದ ಚಾರ್ಜರ್ ಜೊತೆ ಬಂದಿತ್ತಲ್ಲ ಇನ್ನೊಂದು, ಅದಕ್ಕೆ ಒಂದು ಒಳ್ಳೆ ಸೆಲ್ ಹಾಕಿ ಅಂಗಳದಲ್ಲಿ ಕಡಪಾ ಕಲ್ಲಿನ ಮೇಲಿಟ್ಟು ಆಗಾಗ ಮೀಟರ್ ಹಿಡಿದು ನೋಡ್ದೆ. 4.2 ಬಂತು, ಹಸಿರು ಲೈಟ್ ಬಂತು. ಭೇಷ್ ಅನ್ಕೊಂಡೆ. ಊಟ ಮಾಡ್ಕೊಂಡು ಬಂದು ನೋಡ್ತೀನಿ 4.28, ಹಸಿರು ಉರೀತಾನೇ ಇದೆ, ಕರೆಂಟೂ ಸಣ್ಣಗೆ ಹೋಗ್ತಾನೇ ಇದೆ. ಸಂಜೆ ಹೊತ್ತಿಗೆ 4.33. ಅಲ್ಲಿಗೆ ನಿಲ್ಲಿಸ್ದೆ, ನನಗೂ ಜೀವದ ಆಸೆ ಇದೆ. ಈ ಹಸಿರು ಲೈಟಿನ ಗುಟ್ಟು ಇಷ್ಟೇ, ಇಂಥ ಚಾರ್ಜರಲ್ಲಿ ಲೈಟಿಗೂ ನಿಲ್ಲಿಸೋದಕ್ಕೂ ಸಂಬಂಧ ಇಲ್ಲ. ಕರೆಂಟ್ ಇಂತಿಷ್ಟಕ್ಕಿಂತ ಕಮ್ಮಿ ಹೋದ್ರೆ ಕೆಂಪು ಆರಿ ಹಸಿರು ಹತ್ತೋ ಹಾಗೆ ಒಂದು ಟ್ರಾನ್ಸಿಸ್ಟರ್ ಇಟ್ಟಿರ್ತಾರೆ, ಬಾಗಿಲು ಮಾತ್ರ ತೆರೆದೇ ಇರುತ್ತೆ. ನಿಮ್ಮದ್ರಲ್ಲಿ ಸೆಲ್ ಹಾಕಿದ ತಕ್ಷಣ ಹಸಿರು ಬರುತ್ತೆ ಅಂದ್ರೆ ಸೆಲ್ ತುಂಬಿದೆ ಅಂತಲ್ಲ, ಒಂದೋ ಸ್ಪ್ರಿಂಗ್ ಸರಿಯಾಗಿ ತಾಗ್ತಿಲ್ಲ, ಇಲ್ಲಾ ಆ ಸೆಲ್ ಒಳಗೆ ಸತ್ತು ಕರೆಂಟ್ ತಗೊಳ್ತಾನೇ ಇಲ್ಲ. ಬೆಳಗಾದ್ರೂ ಬರಲ್ಲ ಅನ್ನೋ ಸೆಲ್ಲು ಇನ್ನೂ ಅಪಾಯ, ಅದು ರಾತ್ರಿಯಿಡೀ ಕುಡೀತಾನೇ ಇದೆ, ಕುಡಿದಿದ್ದನ್ನ ಶಾಖವಾಗಿ ಕಳೀತಿದೆ.

ಸೆಲ್ ಬಗ್ಗೆನೂ ಹೇಳ್ಬೇಕು, ಎಲ್ಲಾ ತಪ್ಪು ಚಾರ್ಜರ್ ತಲೆಗೆ ಕಟ್ಟೋಕಾಗಲ್ಲ. 18650 ಅಂದ್ರೆ ಅಳತೆ ಅಷ್ಟೇ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆ ಗಾತ್ರದೊಳಗೆ ದೊಡ್ಡ ದೊಡ್ಡ ಕಂಪನಿಗಳು ಇಷ್ಟು ವರ್ಷ ಗುದ್ದಾಡಿ ತುಂಬಿಸಿರೋದೇ ಮಾಮೂಲಿಯಾಗಿ 3500 ಎಂಎಎಚ್ ಆಸುಪಾಸು, ಎಂಎಎಚ್ ಅಂದ್ರೆ ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ. 9900 ಅಂತ ಬರೆದಿದ್ರೆ ಅದು ಹತ್ತು ಲೀಟರ್ ಕ್ಯಾನಲ್ಲಿ ಮೂವತ್ತು ಲೀಟರ್ ಹಾಲಿದೆ ಅಂದಂಗೆ. ಅಡುಗೆಮನೆಯ ಸಣ್ಣ ತಕ್ಕಡಿ ಇದ್ರೆ ತೂಗಿ ನೋಡಿ, ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತೆ. ನಿಮ್ಮದು ಮೂವತ್ತು ಚಿಲ್ಲರೆ ಬಂದ್ರೆ ಆಶ್ಚರ್ಯ ಪಡಬೇಡಿ. ಹಳೇ ಲ್ಯಾಪ್‌ಟಾಪ್ ಬ್ಯಾಟ್ರಿ ಒಡೆದು ತೆಗೆದ ಸೆಲ್ಲಿಗೆ ಹೊಸ ಬಣ್ಣದ ಅಂಗಿ ತೊಡಿಸಿ ಮಾರೋದು ದೊಡ್ಡ ಧಂಧೆ, ಒಳಗೆ ಚಿಕ್ಕ ಸೆಲ್ ಇಟ್ಟು ಸುತ್ತ ಬಿಳಿ ಪುಡಿ ತುಂಬಿರೋವೂ ಇವೆ. ಇಂಥ ಸೆಲ್ಲಲ್ಲಿ ಓವರ್‌ಚಾರ್ಜ್ ತಡೆಯೋ ಸಣ್ಣ ಸರ್ಕ್ಯೂಟು ಇರೋದೂ ಇಲ್ಲ. ನಿಲ್ಲಿಸೋಕೆ ಬರದ ಚಾರ್ಜರು, ನಿಲ್ಲಿಸಿ ಅಂತ ಹೇಳೋಕೆ ಬಾಯಿಲ್ಲದ ಸೆಲ್ಲು, ಇಬ್ರನ್ನೂ ಒಂದೇ ರೂಮಲ್ಲಿ ಬಿಟ್ಟು ನಾವು ಮಲಗ್ತೀವಿ.

ಅದರ ಮೇಲೆ ಹಳ್ಳಿ ಕರೆಂಟು. ಪುಸ್ತಕದಲ್ಲಿ 230 ವೋಲ್ಟ್, ಆದ್ರೆ ಗೋಡೆ ಕರೆಂಟು ಅಲೆ ಥರ ಏರಿಳಿಯುತ್ತೆ, ಆ ಅಲೆಯ ತುತ್ತತುದಿ 325. ಚಾರ್ಜರ್ ಒಳಗಿನ ಆ 400 ವೋಲ್ಟಿನ ಕೆಪಾಸಿಟರಿಗೆ ಅಲ್ಲಿಗೆ ಪರವಾಗಿಲ್ಲ. ಆದ್ರೆ ಕಂಬದಲ್ಲಿ ನ್ಯೂಟ್ರಲ್ ಕಿತ್ಕೊಂಡ ದಿನ ಏನಾಗುತ್ತೆ ನಿಮಗೆ ಹೇಳ್ಬೇಕಾಗಿಲ್ಲ, ಬಲ್ಬೆಲ್ಲ ಬೆಳ್ಳಗೆ ಉರಿದು ಪಟ್ ಪಟ್ ಅಂತ ಹೋಗುತ್ತಲ್ಲ, ಆವಾಗ ಮನೆಗೆ 300 ದಾಟಿ ಬಂದಿರುತ್ತೆ, 300 ಅಂದ್ರೆ ತುದಿ 424, ಕೆಪಾಸಿಟರ್ ಉಬ್ಬಿ ಸಿಡಿಯುತ್ತೆ. ಒಳ್ಳೆ ಚಾರ್ಜರಲ್ಲಿ ಆಗ ಫ್ಯೂಸ್ ಹೋಗಿ ಚಾರ್ಜರ್ ಸಾಯುತ್ತೆ, ಅಲ್ಲಿಗೆ ಕಥೆ ಮುಗಿಯುತ್ತೆ. ಫ್ಯೂಸ್ ಇಲ್ಲದಿದ್ರೆ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತೋ ತನಕ ಕರೆಂಟ್ ಬರ್ತಾನೇ ಇರುತ್ತೆ. ಇನ್ನೊಂದು, ಇಂಥ ಚಾರ್ಜರಿನ ತೆಳು ಚಪ್ಪಟೆ ಪಿನ್ನು ನಮ್ಮ ಸಾಕೆಟ್ಟಿನಲ್ಲಿ ಗಟ್ಟಿಯಾಗಿ ಕೂರಲ್ಲ, ಜೋತಾಡುತ್ತೆ, ಕಿವಿಗೊಟ್ಟು ಕೇಳಿ, ಚಿರ್ ಚಿರ್ ಅಂತಿರುತ್ತೆ. ಅದು ಕಿಡಿ. ಸೆಲ್ ಚೆನ್ನಾಗೇ ಇದ್ರೂ ಬೆಂಕಿ ಅಲ್ಲಿಂದಲೇ ಶುರುವಾಗಬಹುದು.

ಹಾಗಾದ್ರೆ ಏನು ತಗೋಬೇಕು. ನಾನು ಎಲ್ರಿಗೂ ಒಂದೇ ಮಾತು ಹೇಳೋದು, ಗೋಡೆಗೆ ನೇರ ಚುಚ್ಚೋ ಸೆಲ್ ಚಾರ್ಜರೇ ಬೇಡ. ಯುಎಸ್‌ಬಿಯಿಂದ 5 ವೋಲ್ಟ್ ತಗೊಳೋ ಚಾರ್ಜರ್ ತಗೊಳಿ, ಅದನ್ನ ನಿಮ್ಮ ಮೊಬೈಲಿನ ಒರಿಜಿನಲ್ ಚಾರ್ಜರಿಗೆ ಸೇರಿಸಿ. ಯಾಕಂದ್ರೆ 230ನ್ನ ತಡೆಯೋ ಕೆಲಸ ಮೊಬೈಲ್ ಕಂಪನಿಯವ್ರು ಆಗ್ಲೇ ಸರಿಯಾಗಿ ಮಾಡಿರ್ತಾರೆ, ಆ ಕೆಲಸಕ್ಕೆ ನೀವು ದುಡ್ಡೂ ಕೊಟ್ಟಾಗಿದೆ, ಸೆಲ್ ಚಾರ್ಜರಿಗೆ ಉಳಿಯೋದು 4.2ಕ್ಕೆ ನಿಲ್ಲಿಸೋ ಒಂದು ಕೆಲಸ, ಅದಕ್ಕೆ ಟಿಪಿ4056 ಥರದ ಸಣ್ಣ ಚಿಪ್ಪುಗಳು ಬಂದು ಎಷ್ಟೋ ಕಾಲ ಆಯ್ತು, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬೋರ್ಡ್ ಸಮೇತ ಚಿಲ್ಲರೆ ದುಡ್ಡಿಗೆ ಸಿಗುತ್ತೆ. ಅಂದ್ರೆ ಒಳ್ಳೆ ಚಾರ್ಜರ್ ಸಾವಿರಗಟ್ಟಲೆ ಆಗ್ಲೇಬೇಕು ಅಂತೇನಿಲ್ಲ. ಮುನ್ನೂರು ನಾನೂರು ರೂಪಾಯಿ ಆಸುಪಾಸಲ್ಲಿ ಪ್ರತಿ ಸೆಲ್ಲಿಗೂ ಬೇರೆ ಬೇರೆ ಲೈಟು, ಬೇರೆ ಬೇರೆ ಕಟ್ ಆಫ್ ಇರೋದು ಸಿಗುತ್ತೆ. ತಂದ ಮೇಲೆ ಮೊದಲ ಸಲ ಒಂದು ಮಲ್ಟಿಮೀಟರ್ ತಗೊಂಡು, ಹಸಿರು ಬಂದು ಒಂದು ಗಂಟೆ ಆದ್ಮೇಲೆ ಸೆಲ್ ತೆಗೆದು ನೋಡಿ. 4.15ರಿಂದ 4.20 ಇದ್ರೆ ಆ ಚಾರ್ಜರ್ ಮಾತು ಉಳಿಸ್ಕೊಂಡಿದೆ. 4.25 ದಾಟಿದ್ರೆ ವಾಪಸ್ ಮಾಡಿ. ಮೀಟರ್ ಇಲ್ಲ ಅಂದ್ರೆ ನಿಮ್ಮೂರಲ್ಲಿ ಮೋಟ್ರು ರಿಪೇರಿ ಮಾಡೋರ ಹತ್ರ ಇರುತ್ತೆ, ಎರಡು ನಿಮಿಷದ ಕೆಲಸ.

ಮೊಬೈಲ್ ಚಾರ್ಜರ್ ಅಸಲಿನಾ ಅನ್ನೋದಕ್ಕೂ ದಾರಿ ಇದೆ. 2012ರ ಕೇಂದ್ರ ಸರ್ಕಾರದ ಕಡ್ಡಾಯ ನೋಂದಣಿ ಆದೇಶದ ಪಟ್ಟಿಗೆ ಈ ಅಡಾಪ್ಟರುಗಳೂ, ಲಿಥಿಯಂ ಸೆಲ್ಲುಗಳೂ ಆಮೇಲೆ ಸೇರಿದಾವೆ. ಚಾರ್ಜರ್ ಮೇಲೆ ಸಣ್ಣಕ್ಷರದಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 13252 ಥರದ ಒಂದು ನಂಬರು, ಜೊತೆಗೆ ಇಂಗ್ಲಿಷಿನ ಆರ್ ಅಕ್ಷರ, ಅಡ್ಡಗೆರೆ, ಎಂಟು ಅಂಕಿ ಇರುತ್ತೆ, ಸೆಲ್ ಆದ್ರೆ ಐಎಸ್ 16046. ಬಿಐಎಸ್ ಕೇರ್ ಅನ್ನೋ ಆ್ಯಪಲ್ಲಿ ಆ ಆರ್ ನಂಬರ್ ಹಾಕಿದ್ರೆ ಯಾವ ಕಂಪನಿ, ಯಾವ ವಸ್ತು ಅಂತ ತೋರಿಸುತ್ತೆ. ನಂಬರ್ ಹಾಕಿ ಚಾರ್ಜರ್ ಬದಲು ಎಲ್ಇಡಿ ಬಲ್ಬ್ ಅಂತ ಬಂದ್ರೆ ಅಲ್ಲೇ ತಿಳ್ಕೊಳಿ, ಯಾರದೋ ನಂಬರ್ ಕದ್ದು ಹಾಕಿದಾರೆ. ಸಿಇ ಅನ್ನೋ ಗುರುತು ನೋಡಿ ಮೋಸ ಹೋಗ್ಬೇಡಿ, ಅದು ಯುರೋಪಿನ ಮಾರ್ಕೆಟ್ಟಿಗೆ, ಈ ಥರ ವಸ್ತುಗಳಿಗೆ ತಯಾರಿಸಿದವನೇ ನಂದು ಸರಿಯಾಗಿದೆ ಅಂತ ಹಾಕ್ಕೊಳೋದು, ನಿಮ್ಮ ಸಂತೆ ಚಾರ್ಜರ್ ಮೇಲೂ ಅದು ಇರೋ ಸಾಧ್ಯತೆ ಜಾಸ್ತಿ.

ಭಜನಾ ಮಂಡಳಿ ಸೆಲ್ ವಿಷಯ ಸ್ವಲ್ಪ ಬೇರೆ. ಪೆನ್ಸಿಲ್ ಸೆಲ್ ರೀಚಾರ್ಜ್ ಆಗೋದು ಅಂದ್ರೆ ಸಾಮಾನ್ಯವಾಗಿ ನಿಕಲ್ ಮೆಟಲ್ ಹೈಡ್ರೈಡ್, 1.2 ವೋಲ್ಟ್. ಇದು ಲಿಥಿಯಂ ಥರ ಉರಿದು ಹೋಗೋ ಜಾತಿ ಅಲ್ಲ, ಒಳಗೆ ನೀರಿನ ಅಂಶದ ದ್ರವ, ಒತ್ತಡ ಜಾಸ್ತಿ ಆದ್ರೆ ಸಣ್ಣ ಕಿಂಡಿಯಿಂದ ಗ್ಯಾಸ್ ಬಿಡುತ್ತೆ. 2000 ಎಂಎಎಚ್ ಸೆಲ್ಲಿಗೆ 200 ಮಿಲಿ ಆಂಪಿಯರಿನಲ್ಲಿ 14ರಿಂದ 16 ಗಂಟೆ ಅನ್ನೋದು ಹಳೇ ಲೆಕ್ಕ, ಆ ನಿಧಾನದಲ್ಲಿ ಸ್ವಲ್ಪ ಹೆಚ್ಚಾದ್ರೂ ತಡ್ಕೊಳುತ್ತೆ. ತೊಂದರೆ ಬರೋದು ಜೋರಾಗಿ ಚಾರ್ಜ್ ಮಾಡೋ ಅಗ್ಗದವುಗಳಲ್ಲಿ. ಈ ಸೆಲ್ ತುಂಬಿದಾಗ ವೋಲ್ಟೇಜ್ ಏರೋ ಬದಲು ಒಂದು ಕೂದಲೆಳೆಯಷ್ಟು, ಕೆಲವೇ ಮಿಲಿ ವೋಲ್ಟು, ಕೆಳಗಿಳಿಯುತ್ತೆ, ಅದನ್ನ ಹಿಡಿಯೋಕೆ ಚಿಪ್ ಬೇಕು, ಅಗ್ಗದ್ದರಲ್ಲಿ ಅದಿಲ್ಲ. ಎರಡೆರಡು ಸೆಲ್ ಜೋಡಿಯಾಗೇ ಹಾಕಬೇಕು ಅನ್ನೋ ಚಾರ್ಜರ್ ಆದ್ರೆ ಇನ್ನೂ ಎಡವಟ್ಟು, ಅರ್ಧ ತುಂಬಿದ ಸೆಲ್ಲಿಗೂ ಖಾಲಿ ಸೆಲ್ಲಿಗೂ ಒಂದೇ ಪಾಲು. ಭಜನೆ ಅರ್ಧದಲ್ಲಿ ಮೈಕ್ ಸತ್ತುಹೋಗುತ್ತೆ ಅಂತ ಮಂಡಳಿಗಳವ್ರು ಹೇಳೋ ದೂರಿಗೆ ಎಷ್ಟೋ ಸಲ ಕಾರಣ ಇದೇ, ಸೆಲ್ ಬೈಬೇಡಿ. ಒಂದೊಂದು ಗೂಡಿಗೂ ಪ್ರತ್ಯೇಕ ಕಟ್ ಆಫ್ ಇರೋ ಚಾರ್ಜರ್ ತಗೊಳಿ. ಮತ್ತೆ ಅದರಲ್ಲಿ ಗಡಿಯಾರಕ್ಕೆ ಹಾಕೋ ಮಾಮೂಲಿ ಸೆಲ್, ಅಲ್ಕಲೈನ್ ಸೆಲ್ ಯಾವುದನ್ನೂ ಹಾಕಿ ಪ್ರಯೋಗ ಮಾಡ್ಬೇಡಿ, ಸ್ವಲ್ಪ ಚಾರ್ಜ್ ಆದಂಗೆ ಅನ್ಸುತ್ತೆ, ಆಮೇಲೆ ಸೋರುತ್ತೆ, ಸೋರಿದ್ದು ಕಣ್ಣಿಗೆ ಬಿದ್ರೆ ಸುಣ್ಣ ಬಿದ್ದಂಗೆ. ಲಿಥಿಯಂ ಸೆಲ್ಲನ್ನಂತೂ ಈ ಚಾರ್ಜರಿಗೆ ಯಾವ ಕಾರಣಕ್ಕೂ ಹಾಕಬಾರ್ದು, ಇದರ ಸೆಲ್ಲನ್ನ ಅದಕ್ಕೂ ಅಷ್ಟೇ.

ಹೊಸ ಚಾರ್ಜರ್ ಬಂದ ಮೇಲೂ ಎಲ್ಲಿಡ್ತೀರಿ ಅನ್ನೋದು ನೋಡ್ಕೊಳಿ. ನಿಮ್ಮ ಕಡೆ ಮನೆಗಳಲ್ಲಿ ಪ್ಲಗ್ ಪಾಯಿಂಟ್ ಇರೋದೇ ಅಡಿಕೆ ಮೂಟೆ, ಹಾಳೆ, ಒಣ ಸಿಪ್ಪೆ ಇಟ್ಟಿರೋ ಮೂಲೆಯಲ್ಲಿ, ಇಲ್ಲಾ ಹಾಸಿಗೆ ಪಕ್ಕ. ಅಲ್ಲಿ ಬೇಡ. ಕಲ್ಲಿನ ಕಟ್ಟೆ, ಬರೀ ನೆಲ, ಸುತ್ತ ಒಂದು ಮೊಳ ಏನೂ ಇರಬಾರ್ದು. 45 ಡಿಗ್ರಿ ಮೇಲೆ ಲಿಥಿಯಂ ಸೆಲ್ ಚಾರ್ಜ್ ಮಾಡಬಾರ್ದು ಅಂತ ತಯಾರಕರೇ ಹೇಳ್ತಾರೆ, ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟಿನ ಪಂಪ್‌ಹೌಸ್ ಒಳಗೆ ಅಷ್ಟು ಇರೋದು ಸುಲಭ. ಸಂಜೆ ಎದ್ದಿರೋವಾಗ ಚಾರ್ಜಿಗೆ ಹಾಕಿ, ಮಲಗೋ ಮುಂಚೆ ತೆಗೀರಿ, ಸಾಕು. ಎರಡು ಜೊತೆ ಸೆಲ್ ಇಟ್ಕೊಂಡ್ರೆ ರಾತ್ರಿ ಚಾರ್ಜಿನ ತಲೆನೋವೇ ಇಲ್ಲ. ಒಂದು ಜೊತೆ ಅಂದ್ರೆ ಒಂದೇ ದಿನ ತಂದಿದ್ದು, ಹಳೇದು ಹೊಸದು ಬೆರೆಸ್ಬೇಡಿ.

ಅಕಸ್ಮಾತ್ ಸೆಲ್ ಉಸ್ ಅಂತ ಸದ್ದು ಮಾಡಿದ್ರೆ, ಸಿಹಿ ಸಿಹಿ ಕೆಮಿಕಲ್ ವಾಸನೆ ಬಂದ್ರೆ, ಕೈ ಹಾಕಿ ಕೀಳೋಕೆ ಹೋಗ್ಬೇಡಿ, ಮೇನ್ ಸ್ವಿಚ್ ಕೆಳಗೆ ಎಳೀರಿ, ಮಕ್ಕಳನ್ನ ಹೊರಗೆ ಕಳ್ಸಿ, ಆ ಹೊಗೆ ಕುಡೀಬೇಡಿ, ಅದು ವಿಷ. ಮೇನ್ ಆಫ್ ಆದ್ಮೇಲೆ ದೂರದಿಂದ ಧಾರಾಳವಾಗಿ ನೀರು ಹಾಕಬಹುದು, ಲಿಥಿಯಂಗೆ ನೀರು ಹಾಕಬಾರ್ದು ಅಂತ ಕೇಳಿರ್ತೀರಿ, ಅದು ಶುದ್ಧ ಲಿಥಿಯಂ ಲೋಹದ ಮಾತು, ಈ ಸೆಲ್ಲಿಗೆ ತಣ್ಣಗೆ ಮಾಡೋದೇ ಮದ್ದು. ಆರಿತು ಅಂತ ತಕ್ಷಣ ಎತ್ತಿ ಮನೆಯೊಳಗೆ ಇಟ್ಕೋಬೇಡಿ, ಮತ್ತೆ ಹತ್ಕೊಳೋದುಂಟು.

ಈಗಿರೋ ಎರಡು ಸೆಲ್ಲಿನ ತುದಿಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಮೊಬೈಲ್ ಅಂಗಡಿಯವ್ರು ಹಳೇ ಬ್ಯಾಟ್ರಿ ತಗೊಳೋ ಕಡೆ ಕೊಡಿ, ತಿಪ್ಪೆಗೆ ಎಸೀಬೇಡಿ, ತಿಪ್ಪೆಗೆ ಬೆಂಕಿ ಹಾಕೋರು ಇರ್ತಾರೆ. ಚಾರ್ಜರ್‌ನ ಹಂಗೇ ಬಿಟ್ರೆ ಮೂರು ತಿಂಗಳಾದ್ಮೇಲೆ ಮನೇಲಿ ಇನ್ಯಾರೋ ಡ್ರಾಯರಲ್ಲಿ ಹುಡುಕಿ ಚೆನ್ನಾಗೇ ಇದೆಯಲ್ಲ ಅಂತ ಮತ್ತೆ ಚುಚ್ತಾರೆ, ಪಕ್ಕಡ್ ತಗೊಂಡು ಅದರ ಎರಡೂ ಪಿನ್ ಮುರಿದು ಆಮೇಲೆ ಗುಜರಿಗೆ ಹಾಕಿ.